ವಿಡಿಯೋ ಮಾಡಿ ಸಹಾಯ ಮಾಡಿದರೆ ಅದು ಸ್ವಾರ್ಥವಾ?

ಪ್ರಶ್ನೆ: ನಾನು ಕಾರವಾರದವನು, ವಯಸ್ಸು 26. ಗೆಳೆಯರು ಆರು ಜನ ಸೇರಿ ಒಂದೂವರೆ ವರ್ಷದಿಂದ ಪ್ರತಿ ಭಾನುವಾರ ಬಸ್‌ಸ್ಟ್ಯಾಂಡ್, ರೈಲ್ವೆ ಸ್ಟೇಷನ್, ಬೀಚ್ ಕಡೆ ಮಲಗುವವರಿಗೆ ಊಟದ ಪ್ಯಾಕೆಟ್ ಕೊಡುತ್ತಿದ್ದೇವೆ. ಎರಡು ತಿಂಗಳ ಹಿಂದೆ ಬಸ್‌ಸ್ಟ್ಯಾಂಡ್ ಹತ್ತಿರ ಇರುತ್ತಿದ್ದ ಒಬ್ಬ ಅಜ್ಜನನ್ನು ಬೀಚಿಗೆ ಕರೆದುಕೊಂಡು ಹೋಗಿ ಕೂದಲು, ಗಡ್ಡ ತೆಗೆಸಿ, ಸ್ನಾನ ಮಾಡಿಸಿ, ಹೊಸ ಬಟ್ಟೆ ಹಾಕಿಸಿದೆವು. ವಿಡಿಯೋ ಹಾಕಿದ ಒಂದೇ ವಾರದಲ್ಲಿ ಎರಡು ಲಕ್ಷ ಜನ ನೋಡಿದರು. ಅದನ್ನು ನೋಡಿ ಹೊಸದಾಗಿ ಏಳು ಜನ ನಮ್ಮ ಜೊತೆ ಸೇರಿದ್ದಾರೆ. ತುಂಬ ಖುಷಿ ಆಯಿತು, ಸುಳ್ಳು ಹೇಳುವುದಿಲ್ಲ. ಆದರೆ ಶಿರಸಿಯಲ್ಲಿರುವ ನನ್ನ ದೊಡ್ಡಮ್ಮ ನೋಡಿ, "ದಾನ ಮಾಡಿ ಡಂಗುರ ಹೊಡೆದರೆ ಅದು ದಾನ ಅಲ್ಲ ತಮಾ, ವ್ಯಾಪಾರ" ಎಂದರು. ಅಂದಿನಿಂದ ಮನಸ್ಸಿಗೆ ಸಮಾಧಾನ ಇಲ್ಲ. ನಿಸ್ವಾರ್ಥ ಸೇವೆ ಅನ್ನೋದು ನಿಜವಾಗಿ ಇದೆಯಾ? ನಾವು ಮಾಡಿದ್ದು ಬರೀ ತೋರಿಕೆಯಾ? ನಿಲ್ಲಿಸಿಬಿಡಬೇಕಾ? ವಿಡಿಯೋ ಲಿಂಕ್ ಕಳಿಸಿದ್ದೇನೆ. ಆ ಅಜ್ಜ ಈಗ ಅಲ್ಲಿಲ್ಲ.

ಉತ್ತರ: ನಿಮ್ಮ ಪತ್ರ ಓದಿದೆ. ವಿಡಿಯೋ ಮೂರು ಸಲ ನೋಡಿದೆ.

ಮೊದಲು ನೇರವಾಗಿ ಹೇಳಿಬಿಡುತ್ತೇನೆ. ನೀವು ಮಾಡಿದ್ದು ಪೂರ್ತಿ ನಿಸ್ವಾರ್ಥ ಅಲ್ಲ. ನಾನು ಆಪ್ತಸಮಾಲೋಚಕಿಯಾಗಿ ಈ ಜಿಲ್ಲೆಯಲ್ಲಿ 22 ವರ್ಷ ಮಾಡಿದ ಕೆಲಸವೂ ಪೂರ್ತಿ ನಿಸ್ವಾರ್ಥ ಅಲ್ಲ. ಸಂಬಳ ಬರುತ್ತಿತ್ತು. ಜನ ಎದುರು ಸಿಕ್ಕಾಗ ನಿಂತು ಮಾತಾಡಿಸುತ್ತಿದ್ದರು. ಅದು ಹಿತವಾಗಿತ್ತು. ಹಾಗಂತ ನೀವು ನಿಲ್ಲಿಸಬೇಡಿ. ನಿಮ್ಮ ದೊಡ್ಡಮ್ಮನ ಮಾತಿನಲ್ಲಿ ಅರ್ಧ ಸತ್ಯ ಇದೆ. ಆ ಅರ್ಧ ಯಾವುದು ಅಂತ ಬಿಡಿಸಿ ನೋಡಬೇಕು. ಇನ್ನು ನಿಮ್ಮ ಪತ್ರದ ಕೊನೆಯ ಸಾಲು ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡಿತು. ಆ ಅಜ್ಜ ಅಲ್ಲಿಲ್ಲ ಅಂತ ಸುಮ್ನೆ ಬರೆದು ಮುಗಿಸಿದ್ದೀರಿ. ಅದಕ್ಕೆ ಆಮೇಲೆ ಬರುತ್ತೇನೆ.

ನಿಸ್ವಾರ್ಥ ಇದೆಯಾ, ಇಲ್ವಾ ಅನ್ನೋದರ ಮೇಲೆ ಮನಶ್ಶಾಸ್ತ್ರದಲ್ಲಿ ದೊಡ್ಡ ಜಗಳವೇ ನಡೆದಿದೆ. ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಡೇನಿಯಲ್ ಬ್ಯಾಟ್ಸನ್ ಮತ್ತು ಜೊತೆಗಾರರು 1981ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ವಿದ್ಯಾರ್ಥಿನಿಯರನ್ನು ಒಬ್ಬೊಬ್ಬರಾಗಿ ಟಿವಿ ಮುಂದೆ ಕೂರಿಸಿ, ಎಲೇನ್ ಎಂಬ ಹುಡುಗಿಗೆ ಕರೆಂಟ್ ಶಾಕ್ ಕೊಡುವುದನ್ನು ತೋರಿಸಿದರು. ಶಾಕ್ ನಿಜವಲ್ಲ, ನಟನೆ. ನೋಡುವವರಿಗೆ ಅದು ಗೊತ್ತಿಲ್ಲ. ಎಲೇನ್ ನರಳುತ್ತಾಳೆ. ಆಗ ನೋಡುತ್ತಿರುವವಳನ್ನು ಕೇಳುತ್ತಾರೆ: ಅವಳ ಜಾಗದಲ್ಲಿ ನೀನು ಕೂರುತ್ತೀಯಾ? ಕೆಲವರಿಗೆ ಸ್ವಲ್ಪ ನೋಡಿ ಎದ್ದು ಹೋಗುವ ಅವಕಾಶ ಇತ್ತು. ಉಳಿದವರು ಕೊನೆವರೆಗೂ ನೋಡಲೇಬೇಕಿತ್ತು. ಎಲೇನ್ ಮೇಲೆ ಅಷ್ಟೇನೂ ಮನಸ್ಸು ಕರಗದವರು ಹೋಗಲು ದಾರಿ ಇದ್ದಾಗ ಹೆಚ್ಚಾಗಿ ಹೋಗಿಬಿಟ್ಟರು. ಮನಸ್ಸು ಕರಗಿದವರು ದಾರಿ ಇದ್ದರೂ ಹೋಗಲಿಲ್ಲ, ಶಾಕ್ ನಾನು ತಗೊಳ್ಳುತ್ತೇನೆ ಅಂದರು. ಬ್ಯಾಟ್ಸನ್ ಅವರ ವಾದ ಇಷ್ಟೇ. ತನ್ನ ಸಂಕಟ ಕಳೆದುಕೊಳ್ಳುವುದಷ್ಟೇ ಬೇಕಾಗಿದ್ದರೆ ಎದ್ದು ಹೋದರೆ ಸಾಕಿತ್ತು. ಇವರು ಉಳಿದದ್ದು ಎಲೇನ್‌ಗಾಗಿ.

ಇನ್ನೊಬ್ಬ ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ ಮತ್ತು ಜೊತೆಗಾರರು ಇದನ್ನು ಒಪ್ಪಲಿಲ್ಲ. ಇನ್ನೊಬ್ಬರ ನೋವು ನೋಡಿದಾಗ ನಮಗೆ ಬೇಜಾರಾಗುತ್ತದೆ, ಆ ಬೇಜಾರು ಎದ್ದು ಹೋದರೂ ಹೋಗುವುದಿಲ್ಲ, ಅದನ್ನು ಕಳೆದುಕೊಳ್ಳಲಿಕ್ಕೇ ಸಹಾಯ ಮಾಡುತ್ತೇವೆ ಎಂದು 1987ರಲ್ಲಿ ಉತ್ತರ ಕೊಟ್ಟರು. ಈ ವಾದ ಪ್ರತಿವಾದ ವರ್ಷಗಟ್ಟಲೆ ನಡೆಯಿತು. ನಡುವೆ 1990ರಲ್ಲಿ ಜೇಮ್ಸ್ ಆಂಡ್ರಿಯೋನಿ ಎಂಬ ಅರ್ಥಶಾಸ್ತ್ರಜ್ಞರು ಕೊಡುವ ಖುಷಿಗೆ ಒಂದು ಹೆಸರಿಟ್ಟರು. ಮಳೆಗಾಲದಲ್ಲಿ ಬಚ್ಚಲ ಒಲೆ ಮುಂದೆ ಕೂತಾಗ ಮೈಗೆ ಹತ್ತುತ್ತದಲ್ಲ, ಆ ಥರದ ಹಿತವಾದ ಕಾವು ಅಂತ ಅದರ ಅರ್ಥ. ಜನ ದುಡ್ಡು ಕೊಡುವಾಗ ಇನ್ನೊಬ್ಬರಿಗೆ ಒಳ್ಳೆಯದಾಗಲಿ ಅಂತಲೂ ಕೊಡುತ್ತಾರೆ, ಈ ಕಾವಿಗಾಗಿಯೂ ಕೊಡುತ್ತಾರೆ. ಎರಡೂ ಒಟ್ಟಿಗೇ ಇರುತ್ತವೆ.

ನನ್ನ ಅನುಭವಕ್ಕೆ ಈ ಕೊನೆಯ ಮಾತೇ ಹತ್ತಿರ. ಅವಲಕ್ಕಿಗೆ ಬೆಲ್ಲ, ಕಾಯಿತುರಿ ಕಲಸಿದ ಮೇಲೆ ಬೆಲ್ಲ ಬೇರೆ, ಕಾಯಿ ಬೇರೆ ಅಂತ ಹೆಕ್ಕಲು ಕೂತರೆ ಆಗುತ್ತದಾ? ನಿಮ್ಮ ಮನಸ್ಸಿನಲ್ಲಿ ಅಜ್ಜನ ಮೇಲಿನ ಪ್ರೀತಿ ಎಷ್ಟು, ಲೈಕುಗಳ ಆಸೆ ಎಷ್ಟು ಅಂತ ತಕ್ಕಡಿ ಹಿಡಿದು ನೀವು ರಾತ್ರಿಯಿಡೀ ಕೂರಬೇಕಾಗಿಲ್ಲ.

ಇನ್ನು ದೊಡ್ಡಮ್ಮನ ಮಾತು. ಅದು ಯಾಕೆ ಇಷ್ಟು ಚುಚ್ಚಿತು ಅನ್ನೋದಕ್ಕೂ ಒಂದು ಅಧ್ಯಯನ ಇದೆ, ಅದೂ ಮನೆ ಇಲ್ಲದವರ ವಿಷಯದಲ್ಲೇ. ಯೇಲ್ ವಿಶ್ವವಿದ್ಯಾಲಯದ ಜಾರ್ಜ್ ನ್ಯೂಮನ್ ಮತ್ತು ಡೇಲಿಯನ್ ಕೇನ್ 2014ರಲ್ಲಿ ಪ್ರಕಟಿಸಿದ್ದು. ಒಬ್ಬ ಗಂಡಸು ಒಬ್ಬಳ ಮನಸ್ಸು ಗೆಲ್ಲಬೇಕು ಅಂತ ಅವಳು ಕೆಲಸ ಮಾಡುವಲ್ಲಿಗೇ ಹೋಗಿ ಸೇರಿಕೊಳ್ಳುತ್ತಾನೆ. ಕೆಲವರಿಗೆ ಹೇಳಿದ ಕಥೆಯಲ್ಲಿ ಅವಳು ಕಾಫಿ ಅಂಗಡಿಯವಳು. ಉಳಿದವರಿಗೆ ಹೇಳಿದ ಕಥೆಯಲ್ಲಿ ಅವಳು ಮನೆ ಇಲ್ಲದವರ ಆಶ್ರಯ ಕೇಂದ್ರದವಳು. ಉದ್ದೇಶ ಎರಡರಲ್ಲೂ ಒಂದೇ. ಆಶ್ರಯ ಕೇಂದ್ರದಲ್ಲಿ ಅವನು ನಾಲ್ಕು ಜನರಿಗೆ ಉಪಯೋಗಕ್ಕಾದರೂ ಬಂದ. ಆದರೂ ಜನ ಅವನನ್ನೇ ಹೆಚ್ಚು ಕೆಟ್ಟವನು ಅಂದರು. ಕಾಫಿ ಅಂಗಡಿಯವನನ್ನು ಅಷ್ಟು ಬೈಯಲಿಲ್ಲ. ಸೇವೆಯ ಒಳಗೆ ಲಾಭ ಕಂಡರೆ ನಮಗೆ ಸಿಟ್ಟು ಬರುತ್ತದೆ. ಏನೂ ಮಾಡದೆ ಮನೆಯಲ್ಲಿ ಕೂತವರ ಮೇಲೆ ಆ ಸಿಟ್ಟು ಬರುವುದಿಲ್ಲ. ಭಾನುವಾರ ಬೆಳಿಗ್ಗೆ ನೀವು ಮಲಗಿ ನಿದ್ದೆ ಮಾಡಿದ್ದರೆ ದೊಡ್ಡಮ್ಮ ಏನಾದರೂ ಅನ್ನುತ್ತಿದ್ದರಾ? ಈ ಲೆಕ್ಕದಲ್ಲಿ ನಿಮಗೆ ಸ್ವಲ್ಪ ಅನ್ಯಾಯ ಆಗಿದೆ.

ಹತ್ತು ಜನರ ಎದುರು ಕೊಡುವುದು ಮೊಬೈಲ್ ಬಂದ ಮೇಲೆ ಶುರುವಾದದ್ದೂ ಅಲ್ಲ. ಶಿರಸಿಯಿಂದ ಬನವಾಸಿ ದೂರ ಇಲ್ಲ, ಒಮ್ಮೆ ದೊಡ್ಡಮ್ಮನನ್ನೇ ಕರೆದುಕೊಂಡು ಹೋಗಿ ಅಲ್ಲಿಯ ಶಾಸನಗಳನ್ನು ನೋಡಿ. ನಮ್ಮ ನಾಡಿನ ಎಷ್ಟೋ ಶಾಸನಗಳು ದಾನ ಶಾಸನಗಳು. ಯಾರು ಕೊಟ್ಟರು, ಎಷ್ಟು ಭೂಮಿ, ಯಾವ ಕೆರೆಗೆ, ಯಾವ ಗುಡಿಗೆ ಅಂತ ಕಲ್ಲಿನಲ್ಲಿ ಕೆತ್ತಿ ನಿಲ್ಲಿಸಿದರು. ಎಲ್ಲರೂ ನೋಡಲಿ, ಮುಂದಿನವರು ಅದನ್ನು ಅಳಿಸದೆ ಕಾಯಲಿ ಅನ್ನೋದೇ ಉದ್ದೇಶ. ಮಾರಿಕಾಂಬಾ ಜಾತ್ರೆಯಲ್ಲಿ ಅನ್ನದಾನಕ್ಕೆ ಕೊಟ್ಟವರ ಹೆಸರನ್ನು ಮೈಕಿನಲ್ಲಿ ಹೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ನಿಮ್ಮ ವಿಡಿಯೋ ನೋಡಿ ಏಳು ಜನ ಬಂದರು ಅಂದಿರಿ. ಎದುರಿಗೆ ಕಂಡದ್ದನ್ನು ಜನ ಕಲಿಯುತ್ತಾರೆ, ಬಚ್ಚಿಟ್ಟದ್ದನ್ನು ಕಲಿಯಲು ಆಗುವುದಿಲ್ಲ. ಇಲ್ಲಿಯವರೆಗೆ ನಾನು ನಿಮ್ಮ ಪಕ್ಷ.

ಆದರೆ ಆ ಕಲ್ಲಿನ ಮೇಲೆ ಇದ್ದದ್ದು ಕೊಟ್ಟವರ ಹೆಸರು. ಪಡೆದವರ ಹೆಸರು ಇದ್ದರೂ ಗೌರವದಿಂದ ಇದೆ. ಅವರು ಹಸಿದಿದ್ದನ್ನು, ಅತ್ತಿದ್ದನ್ನು ಯಾರೂ ಕೆತ್ತಲಿಲ್ಲ. ನಿಮ್ಮ ವಿಡಿಯೋ ಎರಡು ನಿಮಿಷ ಹತ್ತು ಸೆಕೆಂಡ್ ಇದೆ. ಅದರಲ್ಲಿ ನಿಮ್ಮ ಆರು ಜನರ ಮುಖ ಬಂದು ಹೋಗುವುದು ಅಲ್ಲೊಂದು ಇಲ್ಲೊಂದು ಕ್ಷಣ. ಉಳಿದದ್ದೆಲ್ಲ ಅಜ್ಜನ ಮುಖ. ಹರಿದ ಅಂಗಿ, ಜಡೆಗಟ್ಟಿದ ಕೂದಲು, ಬೆನ್ನಿನ ಹುಣ್ಣು, ಕೊನೆಯಲ್ಲಿ ಕಣ್ಣೀರು, ಅದಕ್ಕೊಂದು ಸಂಗೀತ.

ಒಂದು ಜಾಗದಲ್ಲಿ ನಾನು ನಿಲ್ಲಿಸಿ ನಿಲ್ಲಿಸಿ ನೋಡಿದೆ. ಟ್ರಿಮ್ಮರ್ ಗಡ್ಡದ ಹತ್ತಿರ ಬರುತ್ತದೆ. ಅಜ್ಜನ ಬಲಗೈ ಮೇಲೆ ಏಳುತ್ತದೆ. ಬೆರಳು ಗಡ್ಡವನ್ನು ಹಿಡಿದುಕೊಳ್ಳುತ್ತವೆ. ಯಾರೋ ಆ ಕೈಯನ್ನು ಮೆಲ್ಲಗೆ, ತುಂಬ ಪ್ರೀತಿಯಿಂದಲೇ, ಕೆಳಗೆ ಇಳಿಸುತ್ತಾರೆ. ಎರಡೇ ಸೆಕೆಂಡ್. ಆಮೇಲೆ ಅಜ್ಜ ಕೈ ಎತ್ತುವುದಿಲ್ಲ.

ಆ ಕೈ ಏನು ಹೇಳಿತು? ಬೇಡ ಅಂತಲೋ, ಟ್ರಿಮ್ಮರ್ ಸದ್ದಿಗೆ ಬೆಚ್ಚಿದ್ದೋ? ನಿಮ್ಮಲ್ಲಿ ಯಾರೂ ಕೇಳಲಿಲ್ಲ, ಹಾಗಾಗಿ ಯಾರಿಗೂ ಗೊತ್ತಿಲ್ಲ. ಗೋಕರ್ಣದ ಕಡೆ ಹೊರಟ ಸಾಧು ಆಗಿರಬಹುದು. ಹರಕೆಯ ಕೂದಲು ಆಗಿರಬಹುದು. ಹಳೆಯ ಗುರುತು ಸಿಗಬಾರದು ಅಂತ ಬೆಳೆಸಿದ್ದಿರಬಹುದು. ಏನೂ ಕಾರಣ ಇಲ್ಲದೆ ಸುಮ್ನೆ ತನ್ನ ಗಡ್ಡ ತನಗೆ ಇಷ್ಟ ಅಂತಲೂ ಇರಬಹುದು. ನಮ್ಮ ಮನೆಯ ಅಜ್ಜನ ಗಡ್ಡಕ್ಕೆ ಹೀಗೆ ಕೈ ಹಾಕುತ್ತೇವಾ?

ನಿಮ್ಮ ದೊಡ್ಡಮ್ಮ ಹೇಳಿದ ಅರ್ಧ ಸತ್ಯ ಇರುವುದು ಇಲ್ಲಿ ಅಂತ ನನಗೆ ಅನ್ನಿಸುತ್ತದೆ. ಭಗವದ್ಗೀತೆಯ 17ನೇ ಅಧ್ಯಾಯದಲ್ಲಿ ದಾನವನ್ನು ಮೂರು ಥರ ಮಾಡಿದ್ದಾರೆ. ತಿರುಗಿ ಏನೂ ಕೊಡಲಾಗದವನಿಗೆ, ಕೊಡಬೇಕು ಅನ್ನೋ ಒಂದೇ ಕಾರಣಕ್ಕೆ ಕೊಟ್ಟದ್ದು ಮೊದಲನೆಯದು. ಏನಾದರೂ ಬರಲಿ ಅಂತ ಕೊಟ್ಟದ್ದು ಎರಡನೆಯದು. ಎಲ್ಲಕ್ಕಿಂತ ಕೆಳಗೆ ಇಟ್ಟಿದ್ದು ಆದರ ಇಲ್ಲದೆ, ತಾತ್ಸಾರದಿಂದ ಕೊಟ್ಟದ್ದನ್ನು. ಗಮನಿಸಿ, ಫಲದ ಆಸೆ ಇಟ್ಟು ಕೊಟ್ಟದ್ದು ಮಧ್ಯದಲ್ಲಿದೆ. ಅದಕ್ಕಿಂತ ಕೆಳಗಿರುವುದು ಪಡೆಯುವವನಿಗೆ ಮರ್ಯಾದೆ ಕೊಡದ ದಾನ. ನೀವು ತಾತ್ಸಾರ ಮಾಡಿದ್ದೀರಿ ಅಂತ ನಾನು ಹೇಳುತ್ತಿಲ್ಲ. ಕೈ ಕೆಳಗಿಳಿಸಿದ ಹುಡುಗನ ಮುಖದಲ್ಲಿ ಅಕ್ಕರೆ ಇತ್ತು. ಆದರೆ ಕೇಳದೆ ಮಾಡಿದ ಅಕ್ಕರೆಯ ಕೆಲಸ ಆ ಕೆಳಗಿನ ಮೆಟ್ಟಿಲಿಗೆ ಬಹಳ ಬೇಗ ಜಾರುತ್ತದೆ.

ನಾನೂ ಜಾರಿದ್ದೇನೆ. ಕೆಲಸಕ್ಕೆ ಸೇರಿ ಎರಡನೇ ಮಳೆಗಾಲ. ಬೈತಖೋಲ ಬಂದರಿನ ಹತ್ತಿರ ಮುಚ್ಚಿದ ಅಂಗಡಿಯೊಂದರ ಜಗಲಿಯ ಮೇಲೆ ಒಬ್ಬ ಹೆಂಗಸು ಇರುತ್ತಿದ್ದಳು. ನಲವತ್ತರ ಆಸುಪಾಸು. ಯಾವಾಗ ನೋಡಿದರೂ ಬಲಗೈ ಎದೆಯ ಹತ್ತಿರ ಸೀರೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿರುತ್ತಿತ್ತು. ಅದು ಅವಳ ಕಾಯಿಲೆಯ ಲಕ್ಷಣ ಅಂತ ನನ್ನ ಪುಸ್ತಕದಲ್ಲಿ ಬರೆದುಕೊಂಡಿದ್ದೆ. ಭಾನುವಾರದ ಸಂತೆಯಲ್ಲಿ ಒಂದು ಒಳ್ಳೆಯ ಕೆಂಪು ಕಂಬಳಿ ತಂದು ಹೊದಿಸಿದೆ. ಜೊತೆಗಿದ್ದವರು ಫೋಟೋ ತೆಗೆದರು. ಮನೆಗೆ ಹೋಗುವಾಗ ಮೈ ಹಗುರಾಗಿತ್ತು. ಆ ಕಾವು ಅಂದೆನಲ್ಲ, ಅದೇ.

ಮೂರನೇ ದಿನ ಕಂಬಳಿ ಚರಂಡಿಯಲ್ಲಿ ಬಿದ್ದಿತ್ತು. ನನಗೆ ಸಿಟ್ಟು ಬಂತು. ಕೊಟ್ಟಿದ್ದನ್ನು ಇಟ್ಟುಕೊಳ್ಳಲಿಕ್ಕೂ ಬರುವುದಿಲ್ಲವಲ್ಲ ಅಂತ ಗೊಣಗಿದೆ. ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಬಂಗಡೆ ಮಾರುತ್ತಿದ್ದ ಅಮ್ಮ ಕೇಳಿಸಿಕೊಂಡರು. "ಅಕ್ಕೋರೇ, ಒದ್ದೆ ಕಂಬಳಿ ಹೊತ್ಕಂಡು ಅವ್ಳು ಎಲ್ಲಿ ತಿರಗ್ಬೇಕು? ನಮ್ಗೇ ಒಣಗ್ಸೂಕೆ ಜಾಗ ಇಲ್ಲ. ಅವ್ಳನ್ನೇ ಕೇಳಿ ಒಂದ್ಸಲ" ಎಂದರು. ಈ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ. ಜುಲೈಯಲ್ಲಿ ಕಂಬಳಿ ಒಮ್ಮೆ ನೆನೆದರೆ ವಾರವಾದರೂ ಒಣಗುವುದಿಲ್ಲ, ನಾರುತ್ತದೆ, ಕಲ್ಲಿನ ಹಾಗೆ ಭಾರ ಆಗುತ್ತದೆ. ಇಲ್ಲೇ ಹುಟ್ಟಿ ಬೆಳೆದ ನನಗೆ ಇದು ಗೊತ್ತಿರಲಿಲ್ವಾ? ಗೊತ್ತಿತ್ತು. ಅವಳ ವಿಷಯದಲ್ಲಿ ಹೊಳೆಯಲಿಲ್ಲ, ಅಷ್ಟೇ.

ಕೇಳಿದೆ. ನಿನಗೆ ಎಂತ ಬೇಕು ಅಂದೆ. ತುಂಬ ಹೊತ್ತು ಮಾತಿಲ್ಲ. ನಾನು ಅಲ್ಲೇ ಜಗಲಿಯ ತುದಿಯಲ್ಲಿ ಕೂತೆ. ಒಂದು ಹತ್ತು ನಿಮಿಷ ಆದ ಮೇಲೆ ಅವಳು ನನ್ನ ಸೆರಗಿನ ಕಡೆ ಬೆರಳು ತೋರಿಸಿ, "ಪಿನ್ನು" ಅಂದಳು. ಅವಳ ರವಿಕೆಯ ಹುಕ್ಕುಗಳೆಲ್ಲ ಕಿತ್ತು ಹೋಗಿದ್ದವು. ಅಷ್ಟು ದಿನ ಆ ಕೈ ಹಿಡಿದುಕೊಂಡಿದ್ದು ಅದನ್ನು. ನನ್ನ ಸೆರಗಿನಲ್ಲಿದ್ದ ಎರಡು ಪಿನ್ನು ತೆಗೆದು ಕೊಟ್ಟೆ. ಹಾಕಿಕೊಂಡು ಬಲಗೈಯನ್ನು ತೊಡೆಯ ಮೇಲೆ ಇಟ್ಟಳು. ಆ ಕೈ ಬಿಡುವಾಗಿ ಇದ್ದದ್ದನ್ನು ನಾನು ಮೊದಲ ಸಲ ನೋಡಿದೆ.

ಅವತ್ತೂ ಸೆರಗು ಕೈಯಲ್ಲಿ ಹಿಡಿದುಕೊಂಡು ಮನೆಗೆ ಹೋಗುವಾಗ ನನಗೆ ಖುಷಿ ಇತ್ತು. ಕಂಬಳಿ ಕೊಟ್ಟ ದಿನ ಇದ್ದಷ್ಟೇ ಖುಷಿ. ಅದಕ್ಕೇ ಹೇಳುತ್ತೇನೆ, ನಿಮ್ಮ ಖುಷಿಯನ್ನು ಅಳೆದು ನೀವು ಮಾಡಿದ್ದು ಸರಿಯಾ ತಪ್ಪಾ ಅಂತ ತಿಳಿಯಲು ಆಗುವುದಿಲ್ಲ. ಎರಡೂ ಸಲ ನಾನು ನಾನೇ, ಸ್ವಾರ್ಥವೂ ಅಷ್ಟೇ. ಕಂಬಳಿ ನನ್ನ ತಲೆಯಿಂದ ಬಂದದ್ದು, ಪಿನ್ನು ಅವಳ ಬಾಯಿಂದ ಬಂದದ್ದು.

ಇದರ ಬಗ್ಗೆಯೂ ಒಂದು ಸಂಶೋಧನೆ ಇದೆ. ಮೊದಲು ಓದಿದಾಗ ನನಗೆ ಆ ಜಗಲಿಯೇ ನೆನಪಾಯಿತು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಲಾಸಾನಾ ಹ್ಯಾರಿಸ್ ಮತ್ತು ಸೂಸನ್ ಫಿಸ್ಕ್ 2006ರಲ್ಲಿ ಪ್ರಕಟಿಸಿದ್ದು. ಬೇರೆ ಬೇರೆ ಜನರ ಫೋಟೋ ತೋರಿಸಿ, ನೋಡುವವರ ಮಿದುಳನ್ನು ಸ್ಕ್ಯಾನ್ ಮಾಡಿದರು. ಇನ್ನೊಬ್ಬ ಮನುಷ್ಯನ ಮನಸ್ಸಿನ ಬಗ್ಗೆ ಯೋಚಿಸುವಾಗ ಮಿದುಳಿನ ಮುಂಭಾಗದ ಒಂದು ಜಾಗ ಚುರುಕಾಗುತ್ತದೆ. ಮನೆ ಇಲ್ಲದವರ, ಮಾದಕ ವ್ಯಸನಿಗಳ ಫೋಟೋ ಬಂದಾಗ ಆ ಜಾಗ ಅಷ್ಟು ಚುರುಕಾಗಲಿಲ್ಲ. ಅಂದರೆ ಕಣ್ಣಿಗೆ ಮನುಷ್ಯ ಕಾಣುತ್ತಾನೆ, ಒಳಗೆ ಮನುಷ್ಯ ಅಂತ ದಾಖಲಾಗುವುದೇ ಕಡಿಮೆ. ಆಮೇಲಿನ ಅಧ್ಯಯನದಲ್ಲಿ ಅವರು ನೋಡುವವರಿಗೆ ಒಂದು ಸಣ್ಣ ಕೆಲಸ ಕೊಟ್ಟರು. ಫೋಟೋದಲ್ಲಿ ಇರುವವರಿಗೆ ಈ ತರಕಾರಿ ಇಷ್ಟ ಆಗಬಹುದಾ ಅಂತ ಊಹಿಸಿ ಅಂದರು. ಅಷ್ಟೇ. ಆ ಜಾಗ ಚುರುಕಾಯಿತು. ಇವರಿಗೂ ಒಂದು ಇಷ್ಟ, ಒಂದು ಬೇಡ ಇದೆ ಅಂತ ಯೋಚಿಸಿದ ತಕ್ಷಣ ಮುಂದಿರುವುದು ಮನುಷ್ಯ ಆಗುತ್ತಾನೆ.

ನಮ್ಮ ಕಡೆ ಮನೆಗಳಲ್ಲಿ ಇದು ರೂಢಿಯಲ್ಲೇ ಇದೆ. ದೊಡ್ಡಮ್ಮನ ಮನೆಗೆ ಬಿಸಿಲಲ್ಲಿ ಯಾರೇ ಬಂದರೂ ಮೊದಲು ಆಸ್ರಿಗೆ ಎಂತ ಬೇಕು ಅಂತ ಕೇಳುತ್ತಾರಲ್ಲ? ಮಜ್ಜಿಗೆಯೋ, ಪಾನಕವೋ, ಬರೀ ಬೆಲ್ಲ ನೀರೋ. ತಂದು ಬಾಯಿಗೆ ಹಿಡಿಯುವುದಿಲ್ಲ. ಬಂದವರು ಹೇಳುತ್ತಾರೆ, ಆಮೇಲೆ ತರುತ್ತಾರೆ. ಬಸ್‌ಸ್ಟ್ಯಾಂಡಿನಲ್ಲಿ ಮಲಗಿದವರ ಹತ್ತಿರ ಹೋದಾಗ ಈ ಪ್ರಶ್ನೆಯನ್ನು ನಾವು ಮನೆಯಲ್ಲೇ ಬಿಟ್ಟು ಹೋಗುತ್ತೇವೆ. ಪುಳಿಯೋಗರೆ ಪ್ಯಾಕೆಟ್ ಕೈಗಿಟ್ಟು ಮುಂದೆ ಹೋಗುತ್ತೇವೆ. ಹಲ್ಲಿಲ್ಲದವರು ಗಂಜಿ ಕೇಳಬಹುದು. ಬೋಟಿನ ಕೆಲಸಕ್ಕೆ ಒಡಿಶಾ, ಆಂಧ್ರದ ಕಡೆಯಿಂದ ಬಂದು ಇಲ್ಲೇ ಉಳಿದವರಿಗೆ ಮೀನು ಸಾರು ಬೇಕಿರಬಹುದು. ಸಕ್ಕರೆ ಕಾಯಿಲೆಯವರೂ ಇರುತ್ತಾರೆ, ಅವರ ಕೈಗೆ ಹಬ್ಬದ ದಿನ ಲಾಡು ಇಡುತ್ತೇವೆ.

ಕೇಳಲು ಪುರುಸೊತ್ತು ಬೇಕು. ನಿಮ್ಮ ವಿಡಿಯೋಗಳಲ್ಲಿ ನನಗೆ ಕಂಡ ಮುಖ್ಯ ಕೊರತೆ ಅದು. ಐವತ್ತು ಪ್ಯಾಕೆಟ್, ಒಂದು ಗಂಟೆ. 1973ರಲ್ಲಿ ಜಾನ್ ಡಾರ್ಲಿ ಎಂಬ ಮನಶ್ಶಾಸ್ತ್ರಜ್ಞರು ಮತ್ತು ಆಗಲೇ ಹೇಳಿದ ಅದೇ ಬ್ಯಾಟ್ಸನ್ ಪಾದ್ರಿಗಳಾಗಲು ಓದುತ್ತಿದ್ದ 40 ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿದ್ದರು. ದಾರಿಯಲ್ಲಿ ಒಬ್ಬ ಕುಸಿದು ಕೂತಿರುತ್ತಾನೆ. ತಡವಾಯಿತು, ಬೇಗ ಹೋಗಿ ಅಂತ ಕಳಿಸಿದವರಲ್ಲಿ ನಿಂತು ವಿಚಾರಿಸಿದ್ದು ನೂರಕ್ಕೆ 10 ಮಂದಿ. ಪುರುಸೊತ್ತಿದ್ದವರಲ್ಲಿ 63. ಅವರಲ್ಲಿ ಕೆಲವರು ಭಾಷಣ ಮಾಡಲು ಹೊರಟಿದ್ದ ವಿಷಯವೇ, ದಾರಿಯಲ್ಲಿ ಬಿದ್ದವನಿಗೆ ನೆರವಾದ ಒಳ್ಳೆಯ ಸಮಾರ್ಯದವನ ಬೈಬಲ್ ಕಥೆ. ಯಾರಿಗೆ ಅವಸರ ಇತ್ತು, ಯಾರಿಗೆ ಇರಲಿಲ್ಲ ಅನ್ನೋದೇ ಅಲ್ಲಿ ಎದ್ದು ಕಂಡಿತು. ಐವತ್ತರ ಬದಲು ಹತ್ತು ಜನರ ಹತ್ತಿರ ಹೋಗಿ. ಕೂತು ಮಾತಾಡಿ. ಉಳಿದ ನಲವತ್ತು ಜನರಿಗೆ ಆ ಹೊಸ ಏಳು ಹುಡುಗರು ಇದ್ದಾರಲ್ಲ.

ಈಗ ಅಜ್ಜನ ವಿಷಯ. ಈಗ ಅಲ್ಲಿಲ್ಲ ಅಂದರೆ ಏನಾಗಿರಬಹುದು ಅಂತ ಯೋಚಿಸಿದ್ದೀರಾ? ನೋಡಿ, ಬಸ್‌ಸ್ಟ್ಯಾಂಡಿನ ಚಾ ಅಂಗಡಿಯವರಿಗೆ, ಕಂಡಕ್ಟರ್‌ಗಳಿಗೆ, ಹೂ ಮಾರುವವರಿಗೆ ಗುರುತಿದ್ದದ್ದು ಗಡ್ಡದ ಅಜ್ಜ. ಬೆಳಿಗ್ಗೆ ಒಂದು ಚಾ, ಒಂದು ಬನ್ಸ್ ಅವರ ಪಾಲಿಗೆ ಎಲ್ಲೋ ಗೊತ್ತಾಗಿತ್ತು. ಗಡ್ಡ ಹೋಯಿತು, ಬಿಳಿ ಅಂಗಿ ಬಂತು. ಅದೇ ಮನುಷ್ಯ ಅಂತ ಎಷ್ಟು ಜನರಿಗೆ ಗೊತ್ತಾಗುತ್ತದೆ? ಹೊಸ ಬಟ್ಟೆ ರಸ್ತೆಯಲ್ಲಿ ಮಲಗುವವರಿಗೆ ಅಪಾಯವೂ ಹೌದು. ರಾತ್ರಿ ಕಿತ್ತುಕೊಳ್ಳುವವರು ಇರುತ್ತಾರೆ. ಇನ್ನು ವಿಡಿಯೋ. ಅದನ್ನು ನೋಡಿ ಮನೆಯವರು ಗುರುತು ಹಿಡಿದು ಬಂದು ಕರೆದುಕೊಂಡು ಹೋದ ಉದಾಹರಣೆಗಳು ಇವೆ, ನಾನು ಅದನ್ನು ಮರೆತಿಲ್ಲ. ಆದರೆ ಮನೆಯವರ ಹೊಡೆತ ತಾಳದೆ ಬಂದವರ ಹೊಸ ವಿಳಾಸವೂ ಅದೇ ವಿಡಿಯೋದಿಂದ ಸಿಗುತ್ತದೆ. ಹೆಂಗಸರ ವಿಷಯದಲ್ಲಂತೂ ಈ ಭಯ ಬಹಳ ನಿಜ.

ಕಾನೂನು ಇಲ್ಲಿ ನಿಮ್ಮ ನೆರವಿಗೆ ಇದೆ, ಯಾರೂ ಬಳಸುವುದಿಲ್ಲ ಅಷ್ಟೇ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 100ನೇ ಕಲಂ ಪ್ರಕಾರ, ಮಾನಸಿಕ ಕಾಯಿಲೆ ಇದ್ದು ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಲೆಯುತ್ತಿರುವಂತೆ ಕಾಣುವವರನ್ನು ರಕ್ಷಣೆಗೆ ತೆಗೆದುಕೊಳ್ಳುವುದು ಪೊಲೀಸ್ ಠಾಣಾಧಿಕಾರಿಯ ಕರ್ತವ್ಯ. ಲಾಕಪ್ಪಿನಲ್ಲಿ ಇಡುವಂತಿಲ್ಲ. 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ಮನೆ ಇಲ್ಲದವರಾದರೆ ಕಾಣೆಯಾದವರ ಎಫ್‌ಐಆರ್ ದಾಖಲಿಸಿ ಮನೆಯವರನ್ನು ಹುಡುಕಬೇಕು. ಅದೇ ಕಾಯ್ದೆ ಮಾನಸಿಕ ಆರೋಗ್ಯ ಕೇಂದ್ರಗಳಲ್ಲಿ ಇರುವವರ ತಲೆಗೂದಲನ್ನು ಒತ್ತಾಯದಿಂದ ಬೋಳಿಸುವಂತಿಲ್ಲ ಎನ್ನುತ್ತದೆ. ಚಿಕಿತ್ಸೆ ಪಡೆಯುತ್ತಿರುವವರ ಫೋಟೋವನ್ನು ಅವರ ಒಪ್ಪಿಗೆ ಇಲ್ಲದೆ ಮಾಧ್ಯಮಕ್ಕೆ ಕೊಡುವಂತಿಲ್ಲ ಎಂದೂ ಹೇಳುತ್ತದೆ. ಆಸ್ಪತ್ರೆಯ ಒಳಗೆ ಇಷ್ಟು ಮರ್ಯಾದೆ ಇರುವಾಗ ಬೀಚಿನ ಮೇಲೆ ಯಾಕೆ ಬೇಡ? ಮನೆ ಇಲ್ಲದವರೆಲ್ಲ ಮಾನಸಿಕ ರೋಗಿಗಳು ಅಂತ ಅಲ್ಲ, ಇದನ್ನು ದಯವಿಟ್ಟು ನೆನಪಿಡಿ. ಅನುಮಾನ ಬಂದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ ಕೇಳಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನೊಂದು ಮಾತು, ದೊಡ್ಡಮ್ಮನಿಗೂ ಹೇಳಿ. ಮನೆ ಕಂದಾಯದ ರಸೀದಿ ತೆಗೆದು ನೋಡಲಿ. ಆರೋಗ್ಯ ಕರ, ಗ್ರಂಥಾಲಯ ಕರದ ಜೊತೆ ಭಿಕ್ಷುಕರ ಕರ ಅಂತ ನೂರಕ್ಕೆ 3 ರೂಪಾಯಿ ಇರುತ್ತದೆ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಿಂದ ಬಂದದ್ದು. ವರ್ಷವರ್ಷವೂ ನಾವೆಲ್ಲ ಯಾವ ಫೋಟೋ ಇಲ್ಲದೆ, ಯಾವ ಖುಷಿಯೂ ಇಲ್ಲದೆ ಇದನ್ನು ಕೊಡುತ್ತಿದ್ದೇವೆ. ಆ ದುಡ್ಡು ನಮ್ಮ ಜಿಲ್ಲೆಯಲ್ಲಿ ಯಾರ ಹೊಟ್ಟೆಗೆ, ಯಾವ ಸೂರಿಗೆ ಹೋಗುತ್ತಿದೆ ಅಂತ ನಗರಸಭೆಯಲ್ಲಿ ಕೇಳುವುದು ಕೂಡ ಸೇವೆಯೇ. ನಿಮ್ಮ ಎರಡು ಲಕ್ಷ ನೋಡುಗರನ್ನು ಅದಕ್ಕೆ ಬಳಸಿ. ಅದಕ್ಕೆ ಯಾವ ಅಜ್ಜನ ಮುಖವೂ ಬೇಕಾಗಿಲ್ಲ.

ಮುಂಬೈಯ ಮನೋವೈದ್ಯ ಭರತ್ ವಾಟ್ವಾನಿ ಅವರ ಕೆಲಸದ ಬಗ್ಗೆ ಓದಿ. 2018ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದವರು. ಅವರೂ ಅವರ ಹೆಂಡತಿಯೂ ಹೋಟೆಲಿನಲ್ಲಿ ಕೂತಿದ್ದಾಗ ಒಬ್ಬ ಹುಡುಗ ಕರಟದಲ್ಲಿ ಚರಂಡಿ ನೀರು ಮೊಗೆದು ಕುಡಿಯುವುದನ್ನು ಕಂಡರು. ಕರೆದುಕೊಂಡು ಹೋಗಿ ಚಿಕಿತ್ಸೆ ಕೊಟ್ಟರು. ಹುಷಾರಾದ ಮೇಲೆ ಗೊತ್ತಾಯಿತು, ಅವನು ಆಂಧ್ರದ ಕಡೆಯ ಪದವೀಧರ. ಮನೆಗೆ ಸೇರಿದ. ಹಾಗೆ ಶುರುವಾದ ಸಂಸ್ಥೆ ಅವರದ್ದು. ಒಂದು ಬಾಟಲಿ ನೀರು ಕೊಟ್ಟು ಬಂದಿದ್ದರೆ ಅದೂ ಕರುಣೆಯೇ ಆಗುತ್ತಿತ್ತು. ಅವರು ಅವನು ಯಾರು, ಎಲ್ಲಿಯವನು ಅಂತ ಕೇಳುತ್ತಾ ಹೋದರು. ನಮ್ಮ ಕೊಂಕಣ ರೈಲು ಮುಂಬೈಯಿಂದ ಕೇರಳದವರೆಗಿನ ದಾರಿಯಲ್ಲಿದೆ. ಎಲ್ಲೋ ಹತ್ತಿದವರು ಇಲ್ಲಿ ಇಳಿದಿರುತ್ತಾರೆ. ನಿಮ್ಮ ಅಜ್ಜ ಎರಡು ನಿಮಿಷದ ವಿಡಿಯೋದಲ್ಲಿ ಒಂದೇ ಒಂದು ಶಬ್ದ ಆಡುತ್ತಾರೆ. ಅದು ಕನ್ನಡ ಅಲ್ಲ, ಕೊಂಕಣಿಯೂ ಅಲ್ಲ. ನನ್ನ ಕಿವಿಗೆ ತೆಲುಗಿನ ಹಾಗೆ ಕೇಳಿಸಿತು. ಸಂಗೀತದ ಸದ್ದು ಜಾಸ್ತಿ ಇದೆ. ಸಂಗೀತ ಇಲ್ಲದ ಮೂಲ ವಿಡಿಯೋ ನಿಮ್ಮ ಹತ್ತಿರ ಇದ್ದರೆ ತೆಲುಗು ಬರುವವರಿಗೆ ಕೇಳಿಸಿ.

ನೀವು ಅಜ್ಜನನ್ನು ಕೂರಿಸಿದ ಬೀಚಿಗೆ ರವೀಂದ್ರನಾಥ ಟಾಗೋರರ ಹೆಸರಿದೆ. ಅವರ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ರವೀಂದ್ರರು ಬಂದು ಉಳಿದಿದ್ದರು. ಹೆಚ್ಚುಕಡಿಮೆ ನಿಮ್ಮ ವಯಸ್ಸಿನವರು. ಇಲ್ಲಿದ್ದಾಗ ಒಂದು ನಾಟಕ ಬರೆದರು, 1884ರಲ್ಲಿ ಅಚ್ಚಾಯಿತು. ಒಬ್ಬ ಸನ್ಯಾಸಿ. ನಾನು, ನನ್ನದು ಅನ್ನೋದನ್ನೆಲ್ಲ ಗೆದ್ದೆ ಅಂದುಕೊಂಡವನು. ಊರೆಲ್ಲ ದೂರ ಇಟ್ಟ ಒಬ್ಬ ಅನಾಥ ಹುಡುಗಿ ಅವನ ಹತ್ತಿರ ಬಂದು ನಿಲ್ಲುತ್ತಾಳೆ. ಅವಳ ಮೇಲೆ ಮಮತೆ ಹುಟ್ಟುತ್ತದೆ. ಅಯ್ಯೋ, ನನ್ನ ವೈರಾಗ್ಯ ಕೆಡುತ್ತದಲ್ಲ ಅಂತ ಹೆದರಿ ಅವಳನ್ನು ಬಿಟ್ಟು ಹೋಗುತ್ತಾನೆ. ಮನಸ್ಸು ಬದಲಾಗಿ ತಿರುಗಿ ಬರುವ ಹೊತ್ತಿಗೆ ಅವಳು ಬದುಕಿಲ್ಲ. ನಿಮ್ಮ ಪತ್ರದಲ್ಲಿ ನನ್ನ ಮನಸ್ಸು ಶುದ್ಧವಾ ಅಂತ ನೀವು ಎಷ್ಟೋ ಸಾಲು ಬರೆದಿದ್ದೀರಿ. ಅಜ್ಜನಿಗೆ ಸಿಕ್ಕಿದ್ದು ಒಂದು ಸಾಲು. ಇದನ್ನು ಬೈದು ಹೇಳುತ್ತಿಲ್ಲ. ನಿಮ್ಮ ಒಳ್ಳೆಯ ಮನಸ್ಸು ಆ ಪ್ರಶ್ನೆಯಲ್ಲಿ ಸಿಕ್ಕಿಹಾಕಿಕೊಂಡು ಅಲ್ಲೇ ಉಳಿಯಬಾರದು ಅಂತ ಹೇಳುತ್ತಿದ್ದೇನೆ.

ಹಾಗಾಗಿ ಈ ವಾರ ಪ್ಯಾಕೆಟ್ ಕೆಲಸವನ್ನು ಹೊಸ ಹುಡುಗರಿಗೆ ಬಿಡಿ. ವಿಡಿಯೋವನ್ನು ಇಳಿಸಿಬಿಡಿ. ಆದರೆ ಒಂದು ಕಾಪಿ ಇಟ್ಟುಕೊಳ್ಳಿ. ಗಡ್ಡ ಇದ್ದ ಮುಖ, ಗಡ್ಡ ಇಲ್ಲದ ಮುಖ ಎರಡೂ ಅದರಲ್ಲಿ ಇವೆ. ಅದನ್ನು ತೆಗೆದುಕೊಂಡು ಪೊಲೀಸ್ ಠಾಣೆಗೆ ಹೋಗಿ ವಿಷಯ ತಿಳಿಸಿ. ಆಸ್ಪತ್ರೆಯಲ್ಲಿ ವಿಚಾರಿಸಿ. ಚಾ ಅಂಗಡಿಯವರನ್ನು, ಅಂಕೋಲಾ, ಕುಮಟಾ ಬಸ್ಸಿನ ಕಂಡಕ್ಟರ್‌ಗಳನ್ನು ಕೇಳಿ. ರೈಲ್ವೆ ಸ್ಟೇಷನ್ನಿನಲ್ಲಿ ರಾತ್ರಿ ಪಾಳಿಯವರನ್ನು ಕೇಳಿ. ಗೋಕರ್ಣದಲ್ಲಿ ಕೋಟಿತೀರ್ಥದ ಸುತ್ತ ಒಮ್ಮೆ ನಡೆದು ಬನ್ನಿ, ದೇವಸ್ಥಾನದ ಊಟದ ಹೊತ್ತಿಗೆ ಹೋದರೆ ಒಳ್ಳೆಯದು.

ಸಿಕ್ಕರೆ ಗುರುತು ಹಿಡಿಯಲು ಕಷ್ಟ ಆಗಲಿಕ್ಕಿಲ್ಲ. ಎರಡು ತಿಂಗಳಾಯಿತಲ್ಲ, ಗಡ್ಡ ಸ್ವಲ್ಪ ಬಂದಿರುತ್ತದೆ. ಒಬ್ಬರೇ ಹೋಗಿ. ಪಕ್ಕದಲ್ಲಿ ಕೂತು ಚಾ ಕುಡಿಯುತ್ತೀರಾ ಅಂತ ಕೇಳಿ. ಸಕ್ಕರೆ ಎಷ್ಟು ಅಂತಲೂ ಕೇಳಿ.